ಓದುಗರ ಪ್ರಶ್ನೆಗೆ ಉತ್ತರ: ಹಣ್ಣಿನ ತೋಟದ ಕೀಟ ಮತ್ತು ಕಿಲೋ ಲೆಕ್ಕದ ಖರ್ಚು

ಹಣ್ಣಿನ ತೋಟದ ಕೀಟಗಳ ಬಗ್ಗೆ ಈ ಬಾರಿ ಬಂದಿರುವ ಪತ್ರಗಳಲ್ಲಿ ಬೆಳೆಗಳು ಬೇರೆ ಬೇರೆಯಾದರೂ ಚಿಂತೆ ಒಂದೇ ಆಗಿದೆ: ಔಷಧಿಗೆ ಸುರಿಯುವ ಹಣ ಏರುತ್ತಲೇ ಇದೆ, ಹುಳು ಮಾತ್ರ ಕಡಿಮೆಯಾಗುತ್ತಿಲ್ಲ. ಒಂದೇ ವಿಷಯವನ್ನು ಕೇಳಿರುವ ಪತ್ರಗಳನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳಾಗಿ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ಹೂ ಬಿಟ್ಟಾಗಿನಿಂದ ಕೊಯ್ಲಿನವರೆಗೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಸಿಂಪರಣೆ ಮಾಡುತ್ತೇನೆ. ಬಿಟ್ಟರೆ ಹುಳು ಬೀಳುತ್ತದೆಂಬ ಭಯ, ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾವ ಸಿಂಪರಣೆ ಬೇಕು, ಯಾವುದು ಬೇಡ ಎಂದು ನಿರ್ಧರಿಸುವುದು ಹೇಗೆ?

ಉತ್ತರ: ಕ್ಯಾಲೆಂಡರ್ ನೋಡಿ ಸಿಂಪಡಿಸುವವರಿಗೆ ನಾನು ಮೊದಲು ಹೇಳುವುದು, ಖರ್ಚನ್ನು ಹಣದ ಲೆಕ್ಕದಲ್ಲಿ ಬರೆಯುವ ಬದಲು ಹಣ್ಣಿನ ಕಿಲೋ ಲೆಕ್ಕದಲ್ಲಿ ಬರೆದಿಡಿ ಎಂದು. ಔಷಧಿಯ ಬೆಲೆ, ಆಳಿನ ಕೂಲಿ, ಪಂಪಿನ ಇಂಧನ, ನೀರು ಹೊರುವ ಖರ್ಚು ಎಲ್ಲವನ್ನೂ ಕೂಡಿಸಿ, ಆ ಮೊತ್ತವನ್ನು ತೋಟದಲ್ಲೇ ನಿಮಗೆ ಸಿಗುವ ಒಂದು ಕಿಲೋ ಹಣ್ಣಿನ ಬೆಲೆಯಿಂದ ಭಾಗಿಸಿದರೆ, ಒಂದು ಸುತ್ತಿನ ಸಿಂಪರಣೆಗೆ ಎಷ್ಟು ಹಣ್ಣು ತೆರಬೇಕಾಯಿತು ಎಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತದೆ. ಉದಾಹರಣೆಗೆ 200 ಮರಗಳ ತೋಟ, ಮರಕ್ಕೆ 40 ಕಿಲೋ ಇಳುವರಿ, ಒಟ್ಟು 8,000 ಕಿಲೋ ಫಸಲು ಎಂದಿಟ್ಟುಕೊಳ್ಳೋಣ. ಒಂದು ಸಿಂಪರಣೆಯ ಖರ್ಚು 240 ಕಿಲೋ ಹಣ್ಣಿನ ಬೆಲೆಗೆ ಸಮನಾದರೆ ಅದು ಫಸಲಿನ ಶೇ. 3ರಷ್ಟಾಯಿತು. ಆದರೆ ಯಾವ ಔಷಧಿಯೂ ಆಗುವ ಹಾನಿಯನ್ನೆಲ್ಲ ತಡೆಯುವುದಿಲ್ಲ. ಅದು ಶೇ. 60ರಷ್ಟನ್ನು ತಡೆಯುತ್ತದೆ ಎಂದುಕೊಂಡರೆ, ಹಾಕಿದ ಅಸಲು ಹುಟ್ಟಬೇಕಾದರೂ ಹುಳುವಿನಿಂದ ಆಗಲಿದ್ದ ನಷ್ಟ 400 ಕಿಲೋ, ಅಂದರೆ ಶೇ. 5 ಇರಲೇಬೇಕು. ಶೇ. 2ರಷ್ಟು ಹಣ್ಣು ಹಾಳಾಗಬಹುದಾಗಿದ್ದ ತೋಟಕ್ಕೆ ಸಿಂಪಡಿಸಿದವರು ಉಳಿಸಿಕೊಂಡ ಹಣ್ಣಿಗಿಂತ ಹೆಚ್ಚು ಹಣ್ಣನ್ನು ಪಂಪಿನ ಮೂಲಕ ಚೆಲ್ಲಿದಂತೆಯೇ ಸರಿ.

ಇದು ನನ್ನ ಹೊಸ ಕಲ್ಪನೆಯಲ್ಲ. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟವಿಜ್ಞಾನಿಗಳು ‘ಆರ್ಥಿಕ ಹಾನಿಯ ಮಟ್ಟ’ ಎಂಬ ಹೆಸರಿನಲ್ಲಿ ಇದನ್ನೇ ವಿವರಿಸಿದ್ದರು. ಹಾನಿ ಆ ಮಟ್ಟ ಮುಟ್ಟುವವರೆಗೆ ಕಾದರೆ ತಡವಾಗುತ್ತದೆಂಬ ಕಾರಣಕ್ಕೆ, ಅದಕ್ಕಿಂತ ತುಸು ಕೆಳಗೆ ಇನ್ನೊಂದು ಮಟ್ಟವನ್ನು, ಅಂದರೆ ಕ್ರಮ ಕೈಗೊಳ್ಳಬೇಕಾದ ಹಂತವನ್ನು ಅವರು ಗುರುತಿಸಿದರು.

ಈ ಲೆಕ್ಕ ಕೆಲಸಕ್ಕೆ ಬರಬೇಕಾದರೆ ತೋಟದಲ್ಲಿ ಈಗ ಎಷ್ಟು ಹುಳುವಿದೆ ಎಂಬುದು ಗೊತ್ತಿರಬೇಕು. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ತೋಟವನ್ನು ಮೂಲೆಯಿಂದ ಮೂಲೆಗೆ ಹಾಯ್ದು ಹೋಗುತ್ತಾ 10 ಮರಗಳಲ್ಲಿ ತಲಾ 10 ಹಣ್ಣುಗಳನ್ನು ತಿರುಗಿಸಿ ನೋಡಿ. ಹಾಳಾದವು ಎಷ್ಟೋ ಅಷ್ಟೇ ಶೇಕಡಾವಾರು ಪ್ರಮಾಣವೂ ಆಗುವುದರಿಂದ ಮತ್ತೆ ಭಾಗಾಕಾರದ ಗೊಡವೆ ಇಲ್ಲ. ಹತ್ತರಲ್ಲಿ ಎರಡು ಮೂರು ಮರಗಳಾದರೂ ಬೇಲಿಯಂಚಿನವು ಇರಲಿ, ಏಕೆಂದರೆ ಹೊರಗಿನಿಂದ ಬರುವ ಕೀಟ ಮೊದಲು ಇಳಿಯುವುದು ಅಲ್ಲಿ. ಅಂಚಿನಲ್ಲಿ ಮಾತ್ರ ಹುಳು ಕಂಡರೆ ಅಂಚಿನ ಎರಡು ಸಾಲಿಗೆ ಮಾತ್ರ ಸಿಂಪಡಿಸಿ ಉಳಿದದ್ದನ್ನು ಬಿಡಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ ಜೇಬಿನಲ್ಲಿರಲಿ. ತೋಟಕ್ಕೆಂದು ಕೊಳ್ಳುವ ಸಾಮಾನುಗಳಲ್ಲಿ ಇಷ್ಟು ಬೇಗ ತನ್ನ ಬೆಲೆಯನ್ನು ತೀರಿಸುವಂಥದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡು ಎಚ್ಚರಿಕೆಯ ಮಾತು. ಎಲೆ ತಿನ್ನುವ ಹುಳುವಿಗೂ ಹಣ್ಣು ಕೊರೆಯುವ ಹುಳುವಿಗೂ ಒಂದೇ ಅಳತೆಗೋಲು ಸಲ್ಲದು. ಗಟ್ಟಿಮುಟ್ಟಾದ ಮರ ಸ್ವಲ್ಪ ಎಲೆ ಕಳೆದುಕೊಂಡರೂ ಫಸಲಿಗೆ ಕೊರತೆ ಮಾಡುವುದಿಲ್ಲ, ಆದರೆ ಕೊರೆದ ಹಣ್ಣು ಹೋದದ್ದೇ. ಇನ್ನು ರೋಗ ಹರಡುವ ಕೀಟಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಿಂಬೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ಅಂಟಿಸುವ ಸಿಲ್ಲಾ ಕೀಟ ನಾಲ್ಕೇ ಇದ್ದರೂ ಗಿಡಕ್ಕೆ ಗಿಡವೇ ಹೋಗಬಹುದು.

ಪ್ರಶ್ನೆ: ಹಣ್ಣುನೊಣಕ್ಕೆಂದು ಮೀಥೈಲ್ ಯೂಜಿನಾಲ್ ಬಲೆಗಳನ್ನು ಕಟ್ಟಿದ್ದೇನೆ. ಪ್ರತಿ ವಾರ ನೂರಾರು ನೊಣ ಬೀಳುತ್ತವೆ. ಆದರೂ ಹಣ್ಣು ಕೊಯ್ದರೆ ಒಳಗೆ ಹುಳು. ಬಲೆಯೇ ಸುಳ್ಳೇ?

ಉತ್ತರ: ಬಲೆ ಸುಳ್ಳಲ್ಲ, ಆದರೆ ಅದರಿಂದ ನೀವು ನಿರೀಕ್ಷಿಸಿದ ಕೆಲಸ ಅದರದಲ್ಲ. ಮೀಥೈಲ್ ಯೂಜಿನಾಲ್ ವಾಸನೆಗೆ ಮರುಳಾಗಿ ಬರುವುದು ಗಂಡು ನೊಣ ಮಾತ್ರ. ಈ ಸಂಗತಿ ನೂರು ವರ್ಷಗಳಿಂದ ತಿಳಿದಿರುವಂಥದು. ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು ಹೌಲೆಟ್ ಎಂಬ ಕೀಟವಿಜ್ಞಾನಿ 1912ರಲ್ಲಿ ವರದಿ ಮಾಡಿದ್ದರು, ಆ ಸೆಳೆತದ ಮೂಲ ಮೀಥೈಲ್ ಯೂಜಿನಾಲ್ ಎಂಬುದು 1915ರಲ್ಲಿ ಗೊತ್ತಾಯಿತು. ಹಣ್ಣಿಗೆ ಮೊಟ್ಟೆ ಚುಚ್ಚುವುದು ಹೆಣ್ಣು. ನಿಮ್ಮ ಬಲೆಗೆ ನೂರು ಗಂಡುಗಳು ಬಿದ್ದರೂ ಉಳಿದ ಕೆಲವೇ ಗಂಡುಗಳು ಹಲವಾರು ಹೆಣ್ಣುಗಳೊಡನೆ ಕೂಡಬಲ್ಲವು, ಅಲ್ಲದೆ ಪಕ್ಕದ ತೋಟದಲ್ಲಿ ಆಗಲೇ ಕೂಡಿದ ಹೆಣ್ಣುಗಳು ಬೇಲಿ ದಾಟಿ ಬರುವುದಕ್ಕೆ ನಿಮ್ಮ ಬಲೆಯ ಅಡ್ಡಿ ಏನೂ ಇಲ್ಲ. ಹೆಣ್ಣೊಂದು ತನ್ನ ಜೀವಿತದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು ಎಂಬುದನ್ನು ನೆನೆದರೆ ವಾರಕ್ಕೆ ನೂರಾರು ನೊಣ ಬಿದ್ದ ಸಂತೋಷ ಇಳಿದುಹೋಗುತ್ತದೆ.

ಗಂಡುಗಳನ್ನು ನಿರ್ಮೂಲ ಮಾಡಿಯೇ ಈ ನೊಣವನ್ನು ಗೆದ್ದ ಉದಾಹರಣೆಯೂ ಇದೆ. 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ, ಈ ಆಕರ್ಷಕ ಮತ್ತು ವಿಷವನ್ನು ಹೀರಿಸಿದ ತುಂಡುಗಳನ್ನು ವಿಮಾನದಿಂದ ಚೆಲ್ಲಿ ನೊಣವನ್ನು ಇಲ್ಲವಾಗಿಸಿದರು. ಆದರೆ ಅದು ಸುತ್ತಲೂ ಸಮುದ್ರವಿದ್ದ ದ್ವೀಪ. ಸುತ್ತಲೂ ಬೇರೆಯವರ ತೋಟಗಳಿದ್ದರೆ ನೆರೆಹೊರೆಯವರೆಲ್ಲ ಒಟ್ಟಾಗಿ ಒಂದೇ ಕಾಲಕ್ಕೆ ಬಲೆ ಕಟ್ಟಿದಾಗ ಮಾತ್ರ ಅಂಥ ಪರಿಣಾಮದ ಹತ್ತಿರ ಸುಳಿಯಬಹುದು. ಒಬ್ಬರೇ ಕಟ್ಟಿದ ಬಲೆಯನ್ನು ಕಾವಲುಗಾರನೆಂದು ತಿಳಿಯಿರಿ. ಬೀಳುವ ನೊಣದ ಸಂಖ್ಯೆ ಏರತೊಡಗಿದ ವಾರವೇ ಉಳಿದ ಕೆಲಸಗಳನ್ನು ಶುರು ಮಾಡಬೇಕಾದ ವಾರ.

ಆ ಕೆಲಸಗಳಲ್ಲಿ ಅತ್ಯಂತ ಅಗ್ಗವಾದದ್ದು, ಅಷ್ಟೇ ಬೇಸರ ತರುವಂಥದು, ಉದುರಿದ ಹಣ್ಣು ಆರಿಸುವುದು. ಬಿದ್ದ ಒಂದು ಹಣ್ಣನ್ನು ಸೀಳಿ ನೋಡಿ. ಕಾಲಿಲ್ಲದ, ತಲೆ ಇದೆಯೆಂದು ಗೊತ್ತಾಗದ, ಒಂದು ತುದಿ ಚೂಪಾದ ಬಿಳಿ ಹುಳು ಕಂಡು, ಅಂಗೈಗೆ ಹಾಕಿಕೊಂಡರೆ ಬಿಲ್ಲಿನಂತೆ ಬಾಗಿ ಟಪ್ಪನೆ ಹಾರಿದರೆ, ಅದು ಹಣ್ಣುನೊಣದ ಮರಿಯೇ. ಕಂದು ತಲೆ, ಎದ್ದು ಕಾಣುವ ಕಾಲುಗಳು ಇದ್ದರೆ ಅದು ಪತಂಗದ ಜಾತಿಯ ಕೊರಕ, ಅದಕ್ಕೆ ಈ ಬಲೆಯಿಂದ ಏನೂ ಆಗದು. ಹಾರುವಷ್ಟು ಬೆಳೆದ ಮರಿ ಹಣ್ಣಿನಿಂದ ಹೊರಬಿದ್ದು ಮರದಡಿಯ ಮೇಲ್ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳಕ್ಕಿಳಿದು ಕೋಶವಾಗುತ್ತದೆ, ಹತ್ತಿಪ್ಪತ್ತು ದಿನಗಳೊಳಗೆ ನೊಣವಾಗಿ ಏಳುತ್ತದೆ. ಆದ್ದರಿಂದ ಹಣ್ಣು ಬಿದ್ದು ಎರಡು ಮೂರು ದಿನ ಕಳೆಯುವುದರೊಳಗೆ ಆರಿಸಬೇಕು. ಆರಿಸಿದ್ದನ್ನು ತೋಟದ ಮೂಲೆಗೆ ರಾಶಿ ಹಾಕುವವರು ನೊಣಕ್ಕೆ ಹೆರಿಗೆ ಮನೆ ಕಟ್ಟಿಕೊಟ್ಟಂತೆ. ಒಂದೋ ಅರ್ಧ ಮೀಟರಿಗಿಂತ ಆಳದ ಗುಂಡಿಯಲ್ಲಿ ಹೂತು ಮಣ್ಣು ತುಳಿದು ಗಟ್ಟಿ ಮಾಡಿ, ಇಲ್ಲವೇ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಡುಬಿಸಿಲಿನಲ್ಲಿ ಎರಡು ವಾರ ಇಡಿ. ಹವಾಯಿಯಲ್ಲಿ ಬಳಕೆಗೆ ಬಂದ ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿದೆ: ಬಿದ್ದ ಹಣ್ಣನ್ನು ಸಣ್ಣ ಕಣ್ಣಿನ ಜಾಲರಿಯ ಗುಡಾರದೊಳಗೆ ಸುರಿಯುತ್ತಾರೆ. ಎದ್ದ ನೊಣಕ್ಕೆ ಜಾಲರಿಯ ಕಣ್ಣು ಕಿರಿದು, ನೊಣದ ಮರಿಯ ಮೇಲೆ ಬೆಳೆದ ಪುಟ್ಟ ಪರತಂತ್ರ ಕಣಜಕ್ಕೆ ಅದು ಸಾಕಷ್ಟು ಅಗಲ. ಹೀಗಾಗಿ ಶತ್ರು ಒಳಗೇ ಸಾಯುತ್ತದೆ, ಮಿತ್ರ ತೋಟಕ್ಕೆ ಹಿಂದಿರುಗುತ್ತದೆ.

ಎರಡನೆಯದು ಪ್ರೋಟೀನ್ ಆಮಿಷ. ಹೊಸದಾಗಿ ಎದ್ದ ಹೆಣ್ಣಿನ ಮೊಟ್ಟೆ ಬಲಿಯಬೇಕಾದರೆ ಅದು ಒಂದು ವಾರಕ್ಕೂ ಹೆಚ್ಚು ಕಾಲ ಪ್ರೋಟೀನ್ ಹುಡುಕಿ ತಿನ್ನಬೇಕು, ಆ ಹಸಿವೇ ನಮಗೆ ದೊರೆಯುವ ಅವಕಾಶ. ಜಲವಿಚ್ಛೇದಿತ, ಅಂದರೆ ಸಣ್ಣ ತುಣುಕುಗಳಾಗಿ ಒಡೆದ, ಪ್ರೋಟೀನಿಗೆ ಆ ಬೆಳೆಗೆ ಅನುಮತಿಯಿರುವ ಕೀಟನಾಶಕವನ್ನು ಸ್ವಲ್ಪ ಬೆರೆಸಿ, ಮರದ ಎಲೆಗಳ ಮೇಲೆ ಒಂದು ಕಡೆ ಮಾತ್ರ ದಪ್ಪ ಹನಿಗಳಾಗಿ ಚಿಮುಕಿಸಿದರೆ ಸಾಕು, ನೊಣ ತಾನೇ ಹುಡುಕಿಕೊಂಡು ಬರುತ್ತದೆ. ಮರ ಪೂರ್ತಿ ತೋಯಿಸುವ ಸಿಂಪರಣೆಯ ಒಂದು ಸಣ್ಣ ಪಾಲಿನಷ್ಟು ಔಷಧಿ ಮತ್ತು ಸಮಯ ಇದಕ್ಕೆ ಸಾಕಾಗುತ್ತದೆ. ಹಣ್ಣಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು, ಮಳೆ ಬಂದು ತೊಳೆದರೆ ಮತ್ತೆ ಹಾಕಬೇಕು. ಇನ್ನು ಬಲೆಯ ಆಕರ್ಷಕದ ತುಂಡನ್ನು ಆರರಿಂದ ಎಂಟು ವಾರಕ್ಕೊಮ್ಮೆ ಬದಲಿಸಿ. ಕುಂಬಳ ಜಾತಿಯ ಬೆಳೆಗಳ ನೊಣಕ್ಕೆ ಬೇಕಾದ ಆಕರ್ಷಕ ಬೇರೆ, ಅದರ ಹೆಸರು ಕ್ಯೂಲೂರ್. ಕೊಳ್ಳುವಾಗ ಅಂಗಡಿಯಲ್ಲಿ ಅದಲುಬದಲಾಗುವುದುಂಟು.

ಪ್ರಶ್ನೆ: ಹಿಟ್ಟುತಿಗಣೆಗೆ ಮೂರು ಬಾರಿ ಔಷಧಿ ಹೊಡೆದೆ, ಪ್ರತಿ ಬಾರಿಯೂ ಮೊದಲಿಗಿಂತ ಹೆಚ್ಚಾಗಿ ಬಂದಿದೆ. ಕೊಂಬೆಗಳ ಮೇಲೆ ಇರುವೆ ಸಾಲು, ಎಲೆಯ ಮೇಲೆ ಕಪ್ಪು ಬೂಷ್ಟು. ಏನು ಮಾಡಲಿ?

ಉತ್ತರ: ಇರುವೆಯ ಸಾಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಹಿಟ್ಟುತಿಗಣೆ ಹೀರಿದ ರಸದಲ್ಲಿ ಬೇಡವಾದ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಹಾಕುತ್ತದೆ. ಆ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ, ಅದೇ ಅಂಟಿಗಾಗಿ ಇರುವೆಗಳು ತಿಗಣೆಯನ್ನು ದನ ಕಾಯುವಂತೆ ಕಾಯುತ್ತವೆ ಮತ್ತು ಅದನ್ನು ತಿನ್ನಲು ಬಂದ ಮಿತ್ರಕೀಟಗಳನ್ನು ಓಡಿಸುತ್ತವೆ. ಇರುವೆಯ ದಾರಿ ಕಡಿದರೆ ಮಿತ್ರಕೀಟಗಳಿಗೆ ದಾರಿ ತೆರೆಯುತ್ತದೆ. ನೆಲ ಮುಟ್ಟುವ ಮತ್ತು ಪಕ್ಕದ ಮರಕ್ಕೆ ತಾಗುವ ರೆಂಬೆಗಳನ್ನು ಸವರಿ, ಕಾಂಡದ ಸುತ್ತ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಸುಮಾರು ಒಂದು ಅಡಿ ಅಗಲದ ಪಾಲಿಥೀನ್ ಹಾಳೆ ಸುತ್ತಿ, ಎರಡೂ ಅಂಚನ್ನು ಬಿಗಿಯಾಗಿ ಕಟ್ಟಿ, ತೊಗಟೆಯ ಸಂದುಗಳನ್ನು ಹಸಿ ಮಣ್ಣಿನಿಂದ ಮುಚ್ಚಿ, ಹಾಳೆಯ ಮೇಲೆ ಮಾತ್ರ ಗ್ರೀಸ್ ಅಥವಾ ಅಂಟು ಬಳಿಯಿರಿ. ನೇರವಾಗಿ ತೊಗಟೆಗೆ ಗ್ರೀಸ್ ಬಳಿದರೆ ಎಳೆ ಮರಕ್ಕೆ ಪೆಟ್ಟಾಗುತ್ತದೆ. ಮಾವಿನ ದೊಡ್ಡ ಹಿಟ್ಟುತಿಗಣೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಮರಿಗಳು ಕಾಂಡ ಹತ್ತಿ ಮೇಲೇರುವಂಥದಾದ್ದರಿಂದ ಮರಿಗಳು ಹೊರಡುವ ಮುಂಚೆಯೇ ಕಟ್ಟಿದ ಪಟ್ಟಿ ಇರುವೆಯನ್ನೂ ತಿಗಣೆಯನ್ನೂ ಒಟ್ಟಿಗೆ ತಡೆಯುತ್ತದೆ.

ಹೊಡೆದಷ್ಟೂ ಹೆಚ್ಚಾದದ್ದೇಕೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ಕ್ಯಾಲಿಫೋರ್ನಿಯಾದ ನಿಂಬೆ ಜಾತಿಯ ತೋಟಗಳನ್ನು ಗಿಡಕ್ಕೆ ಅಂಟಿಕೊಂಡು ರಸ ಹೀರುವ, ಹತ್ತಿಯಂಥ ಬಿಳಿ ಶಲ್ಕ ಕೀಟವೊಂದು ಮುಳುಗಿಸುತ್ತಿದ್ದಾಗ, 1888ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಆಲ್ಬರ್ಟ್ ಕೋಬೆಲೆ ಅಲ್ಲಿಂದ ವೆಡಾಲಿಯಾ ಎಂಬ ಪುಟ್ಟ ಗುಲಗಂಜಿ ಹುಳುವನ್ನು ಕಳುಹಿಸಿದರು. ಎರಡು ವರ್ಷದೊಳಗೆ ಕೀಟ ಹತೋಟಿಗೆ ಬಂತು. ಸುಮಾರು ಅರ್ಧ ಶತಮಾನದ ಬಳಿಕ ಅದೇ ತೋಟಗಳಿಗೆ ಡಿಡಿಟಿ ಎಂಬ ಕೀಟನಾಶಕ ಸಿಂಪಡಿಸಿದಾಗ ಗುಲಗಂಜಿ ಹುಳು ಸತ್ತು, ಮೇಣದ ಹೊದಿಕೆಯೊಳಗೆ ಅಡಗಿದ್ದ ಶಲ್ಕ ಕೀಟ ಮತ್ತೆ ತಲೆಯೆತ್ತಿತು. ನಿಮ್ಮ ತೋಟದಲ್ಲೂ ಆಗಿರುವುದು ಬಹುಶಃ ಇದೇ. ಇನ್ನೊಂದು ಉದಾಹರಣೆ ಹತ್ತಿರದ್ದು: ಪಪಾಯದ ಹಿಟ್ಟುತಿಗಣೆ 2008ರಲ್ಲಿ ಭಾರತದಲ್ಲಿ ಕಾಣಿಸಿಕೊಂಡು ಹಬ್ಬಿದಾಗ, 2010ರಲ್ಲಿ ಅಸೆರೋಫೇಗಸ್ ಪಪಾಯೆ ಎಂಬ ಕಣ್ಣಿಗೆ ಕಾಣಿಸುವುದೇ ಕಷ್ಟವೆನ್ನುವಷ್ಟು ಚಿಕ್ಕ ಕಣಜವನ್ನು ತಂದು ಬಿಟ್ಟ ಮೇಲೆ ಅದು ತಗ್ಗಿತು.

ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಹಿಟ್ಟುತಿಗಣೆಗೆ ಪರಮ ವೈರಿ. ಆದರೆ ಅದರ ಮರಿಯೂ ಬಿಳಿ ಮೇಣದ ಎಳೆಗಳನ್ನು ಹೊದ್ದು ತಿಗಣೆಯಂತೆಯೇ ಕಾಣುವುದರಿಂದ ಎಷ್ಟೋ ಜನ ಮಿತ್ರನನ್ನೇ ಹೊಸಕಿ ಹಾಕುತ್ತಾರೆ. ಗುರುತು ಸುಲಭ: ಮುಟ್ಟಿದರೆ ತಿಗಣೆ ಅಲ್ಲೇ ಕುಸಿದು ಕೂರುತ್ತದೆ, ಕ್ರಿಪ್ಟೋಲೀಮಸ್ ಮರಿ ಸರಸರನೆ ಓಡುತ್ತದೆ, ಮೈಮೇಲಿನ ಎಳೆಗಳೂ ಅದಕ್ಕೆ ಹೆಚ್ಚು ಉದ್ದ. ಇಂಥವು ಕಂಡ ಮರಕ್ಕೆ ಔಷಧಿ ಮುಟ್ಟಿಸಬೇಡಿ. ಅತಿ ಹೆಚ್ಚು ಮುತ್ತಿರುವ ಕೆಲವೇ ರೆಂಬೆಗಳನ್ನು ಕತ್ತರಿಸಿ ಸುಡುವುದೂ ಒಂದು ಸಿಂಪರಣೆಗೆ ಸಮ.

ಪ್ರಶ್ನೆ: ಮೊದಲು ಒಂದೇ ಸಿಂಪರಣೆಗೆ ಜಿಗಿಹುಳು ಸಾಯುತ್ತಿತ್ತು. ಈಗ ಪ್ರತಿ ವರ್ಷ ಬೇರೆ ಬೇರೆ ಹೆಸರಿನ ಔಷಧಿ ತಂದರೂ ಪ್ರಯೋಜನವಿಲ್ಲ. ಔಷಧಿಯಲ್ಲಿ ಕಲಬೆರಕೆಯೇ?

ಉತ್ತರ: ಕಲಬೆರಕೆಯನ್ನು ಅನುಮಾನಿಸುವ ಮುಂಚೆ ಮೂರು ಸಂಗತಿಗಳನ್ನು ಪರೀಕ್ಷಿಸಿ. ಮೊದಲನೆಯದು, ಹೆಸರು ಬೇರೆಯಾದರೂ ಒಳಗಿನ ಸರಕು ಒಂದೇ ಆಗಿರಬಹುದು. ಕೀಟವನ್ನು ಕೊಲ್ಲುವ ಬಗೆ ನೋಡಿ ಔಷಧಿಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೂ ಒಂದು ಅಂಕಿ ಕೊಟ್ಟಿದ್ದಾರೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಮೂರೂ ಕೀಟದ ನರದ ಒಂದೇ ಗುರಿಗೆ ತಾಗುವ 4ಎ ಗುಂಪಿನವು. ಒಂದಕ್ಕೆ ಒಗ್ಗಿದ ಕೀಟ ಉಳಿದೆರಡಕ್ಕೂ ಒಗ್ಗುವ ಸಾಧ್ಯತೆಯೇ ಹೆಚ್ಚು. ಸಿಂಥೆಟಿಕ್ ಪೈರೆಥ್ರಾಯ್ಡುಗಳು 3ಎ, ಆರ್ಗನೋಫಾಸ್ಫೇಟುಗಳು 1ಬಿ, ಸ್ಪಿನೋಸಿನ್‌ಗಳು 5, ಡಯಮೈಡುಗಳು 28. ಬಾಟಲಿಯ ಮೇಲೆ ಈ ಅಂಕಿ ಮುದ್ರಿಸಿರದಿದ್ದರೆ ಔಷಧಿಯ ತಾಂತ್ರಿಕ ಹೆಸರನ್ನು ಬರೆದುಕೊಂಡು ಅಂಕಿಯನ್ನು ವಿಚಾರಿಸಿ, ಒಂದು ತಲೆಮಾರಿನ ಕೀಟಕ್ಕೆ ಹೊಡೆದ ಗುಂಪನ್ನು ಅದರ ಮುಂದಿನ ತಲೆಮಾರಿಗೆ ಹೊಡೆಯಬೇಡಿ. ಕೀಟ ಔಷಧಿಗೆ ಜಗ್ಗದಿರುವುದು ಇಂದಿನ ಹೊಸ ವಿಷಯವೂ ಅಲ್ಲ, ಅದನ್ನು ಮೊದಲ ಬಾರಿಗೆ ದಾಖಲಿಸಿದ್ದೇ ಹಣ್ಣಿನ ತೋಟದಲ್ಲಿ. 1914ರಲ್ಲಿ ಮೆಲಾಂಡರ್ ಎಂಬ ವಿಜ್ಞಾನಿ ಸುಣ್ಣ–ಗಂಧಕದ ದ್ರಾವಣಕ್ಕೆ ಸಾಯದ ಸ್ಯಾನ್ ಹೋಸೆ ಶಲ್ಕ ಕೀಟದ ಬಗ್ಗೆ ಬರೆದರು.

ಎರಡನೆಯದು ನೀರು. ನಿಮ್ಮ ಬಾವಿಯ ನೀರು ಕ್ಷಾರವಾಗಿದ್ದರೆ, ಅಂದರೆ ಪಿಎಚ್ 8ಕ್ಕಿಂತ ಮೇಲಿದ್ದರೆ, ಮೆಲಾಥಿಯಾನ್, ಡೈಮಿಥೋಯೇಟ್‌ನಂಥ ಔಷಧಿಗಳು ಟ್ಯಾಂಕಿನಲ್ಲೇ ಒಡೆದು ಹೋಗಲಾರಂಭಿಸುತ್ತವೆ. ಬೆಳಿಗ್ಗೆ ಬೆರೆಸಿಟ್ಟು ಊಟದ ನಂತರ ಹೊಡೆಯುವವರು ಬೆಲೆ ಕೊಟ್ಟದ್ದು ಔಷಧಿಗೆ, ಹೊಡೆದದ್ದು ಬಹುಪಾಲು ನೀರನ್ನು. ಪಿಎಚ್ ಕಾಗದದ ಒಂದು ಪಟ್ಟಿ ಇದನ್ನು ಅರೆ ನಿಮಿಷದಲ್ಲಿ ತಿಳಿಸುತ್ತದೆ.

ಮೂರನೆಯದು ನಾಜಲ್. ಹೊಸ ನಾಜಲ್ ಹಾಕಿ, ಎಂದಿನ ಒತ್ತಡದಲ್ಲಿ ಒಂದು ನಿಮಿಷ ಅಳತೆಯ ಪಾತ್ರೆಗೆ ಬಿಡಿ, ಅನಂತರ ಹಳೆಯದನ್ನು ಹಾಕಿ ಬಿಡಿ. ಹಳೆಯದರಿಂದ ಶೇ. 10ಕ್ಕಿಂತ ಹೆಚ್ಚು ನೀರು ಬಂದರೆ ಅದನ್ನು ಎಸೆಯುವುದೇ ಉಳಿತಾಯ, ಏಕೆಂದರೆ ಸವೆದ ತೂತಿನಿಂದ ದಪ್ಪ ಹನಿಗಳು ಬಿದ್ದು ಎಲೆಯಿಂದ ಜಾರಿ ನೆಲ ಸೇರುತ್ತವೆ. ಎಲೆಯ ತುದಿಯಿಂದ ಔಷಧಿ ತೊಟ್ಟಿಕ್ಕುವವರೆಗೆ ಹೊಡೆಯಬೇಕೆಂಬ ನಂಬಿಕೆ ಬಲವಾಗಿದೆ, ಅಸಲಿಗೆ ತೊಟ್ಟಿಕ್ಕಲು ಶುರುವಾಗುವ ಮುನ್ನವೇ ನಿಲ್ಲಿಸಬೇಕು. ಜಿಗಿಹುಳು ಅಡಗುವುದು ಒತ್ತಾದ, ಗಾಳಿ ಬೆಳಕಿಲ್ಲದ ಕೊಂಬೆಗಳ ನಡುವೆ. ಕೊಯ್ಲಿನ ನಂತರ ಒಳಕೊಂಬೆಗಳನ್ನು ಸವರಿದ ಮರಕ್ಕೆ ಅದರ ಕಾಟವೂ ಕಡಿಮೆ, ಹೊಡೆದ ಔಷಧಿ ಒಳಗೆ ತಲುಪುವುದೂ ಸುಲಭ. ಹೂ ಪೂರ್ತಿ ಅರಳಿದಾಗ ಸಿಂಪರಣೆ ಬೇಡವೇ ಬೇಡ, ಜೇನುನೊಣ ಮತ್ತಿತರ ಪರಾಗಸ್ಪರ್ಶಿಗಳು ಸತ್ತರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಪೈರೆಥ್ರಾಯ್ಡ್ ಮತ್ತೆ ಮತ್ತೆ ಹೊಡೆದ ತೋಟದಲ್ಲಿ ಅದುವರೆಗೆ ಕಾಣದಿದ್ದ ಜೇಡನುಸಿ ಏಳುವುದೂ ಉಂಟು, ನುಸಿಯನ್ನು ತಿನ್ನುತ್ತಿದ್ದ ಪರಭಕ್ಷಕಗಳು ಸತ್ತುಹೋಗಿರುತ್ತವೆ.

ಪ್ರಶ್ನೆ: ಬೇವಿನ ಕಷಾಯ, ಸೋಪಿನ ನೀರು ಇವುಗಳಿಂದ ನಿಜವಾಗಿ ಕೆಲಸ ಆಗುತ್ತದೆಯೇ, ಅಥವಾ ಮನಸ್ಸಮಾಧಾನ ಮಾತ್ರವೇ?

ಉತ್ತರ: ಸರಿಯಾದ ಕೀಟಕ್ಕೆ, ಸರಿಯಾದ ಹಂತದಲ್ಲಿ ಬಳಸಿದರೆ ಕೆಲಸ ಆಗುತ್ತದೆ. ಸೋಪಿನ ದ್ರಾವಣ ಮೈಮೇಲೆ ಬಿದ್ದ ಮೆದುದೇಹದ ಕೀಟಗಳನ್ನು, ಅಂದರೆ ಗಿಡಹೇನು, ತಿಗಣೆಯ ಎಳೆ ಮರಿ, ನುಸಿ ಇಂಥವನ್ನು ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಅದಕ್ಕೆ ಯಾವ ಶಕ್ತಿಯೂ ಇಲ್ಲ. ಆದ್ದರಿಂದ ಎಲೆಯ ಅಡಿಭಾಗ ತೋಯಬೇಕು. ಗಡಸು ನೀರಿನಲ್ಲಿ ಸೋಪು ಕೆನೆಗಟ್ಟಿ ವ್ಯರ್ಥವಾಗುತ್ತದೆ, ಮೊದಲು ಒಂದು ಬಾಟಲಿಯಲ್ಲಿ ಕಲಕಿ ನೋಡಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಎಲೆ ಸುಡುತ್ತದೆ, ಅದನ್ನು ಬಳಸಬೇಡಿ.

ಬೇವಿನ ಬೀಜದ ಕಷಾಯದ ಹದ ಹೀಗಿದೆ: ಸಿಪ್ಪೆ ತೆಗೆದು ಕುಟ್ಟಿದ 5 ಕಿಲೋ ತಿರುಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ ಸೋಸಿ, 100 ಲೀಟರ್ ಆಗುವಷ್ಟು ನೀರು ಬೆರೆಸಿ, ಹರಡಿಕೊಳ್ಳಲೆಂದು ಸ್ವಲ್ಪ ಸೋಪು ಸೇರಿಸುವುದು. ಬೂಷ್ಟು ಹಿಡಿದ ಹಳೆ ಬೀಜದಿಂದ ಫಲವಿಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ನಾಶವಾಗುವುದರಿಂದ ಮಾಡಿದ ದಿನವೇ, ಸಂಜೆ ಹೊತ್ತು ಹೊಡೆಯಬೇಕು. ಇದು ಕೀಟವನ್ನು ಅಲ್ಲೇ ಬೀಳಿಸುವುದಿಲ್ಲ, ತಿನ್ನುವುದನ್ನು ನಿಲ್ಲಿಸುತ್ತದೆ, ಪೊರೆ ಕಳಚದಂತೆ ತಡೆಯುತ್ತದೆ. ಮರುದಿನ ಹುಳು ಜೀವಂತ ಕಂಡಿತೆಂದು ರಾಸಾಯನಿಕಕ್ಕೆ ಓಡುವವರು ಎರಡು ಖರ್ಚು ಮಾಡಿಕೊಳ್ಳುತ್ತಾರೆ. ಹಣ್ಣಿನೊಳಗೆ ಹೊಕ್ಕ ಕೊರಕಕ್ಕೆ ಮಾತ್ರ ಇದು ನಿರುಪಯೋಗಿ. ತೋಟಗಾರಿಕೆಯ ಎಣ್ಣೆ ಬಳಸುವವರು ಗಂಧಕ ಸಿಂಪಡಿಸಿದ ಎರಡು ವಾರದೊಳಗೆ ಅದನ್ನು ಹೊಡೆಯಬಾರದು, ಕಡುಬಿಸಿಲಿನಲ್ಲಂತೂ ಕೂಡದು, ಎಲೆ ಸುಟ್ಟು ಉದುರುತ್ತದೆ.

ಪ್ರಶ್ನೆ: ಹಣ್ಣಿಗೆ ಚೀಲ ಕಟ್ಟುವುದು ಲಾಭವೇ? ಜೊತೆಗೆ, ಕಾಂಡದಲ್ಲಿ ತೂತು ಬಿದ್ದು ಮರದ ಹೊಟ್ಟು ಸುರಿಯುತ್ತಿದೆ, ಅದಕ್ಕೇನು ಮಾಡಬೇಕು?

ಉತ್ತರ: ಚೀಲದ ಲಾಭನಷ್ಟವನ್ನೂ ಕಿಲೋ ಲೆಕ್ಕದಿಂದಲೇ ನೋಡಬೇಕು. ಕೈಗೆಟುಕುವ ಎತ್ತರದ ಮರ, ದೊಡ್ಡ ಗಾತ್ರದ, ಒಳ್ಳೆ ಬೆಲೆಯ ಹಣ್ಣು, ಒಂದು ಚೀಲವನ್ನು ಎರಡು ಮೂರು ಬಾರಿ ಬಳಸುವ ಅನುಕೂಲ ಇದ್ದರೆ ಲಾಭ. ಸೀಬೆ, ದಾಳಿಂಬೆಗಳಲ್ಲಿ ಇದು ಹೊಂದುತ್ತದೆ, ಎತ್ತರದ ಹಳೆಯ ಮರಗಳಲ್ಲಿ ಏಣಿಯ ಕೂಲಿಯೇ ಲಾಭವನ್ನು ನುಂಗುತ್ತದೆ. ಕೀಟ ಮೊಟ್ಟೆಯಿಡುವ ಮೊದಲೇ, ಕಾಯಿ ಎಳೆಯದಾಗಿರುವಾಗಲೇ ಕಟ್ಟಬೇಕು. ತಡವಾಗಿ ಕಟ್ಟಿದ ಚೀಲ ಹುಳುವನ್ನು ಒಳಗೇ ಕಾಪಾಡುತ್ತದೆ.

ಕಾಂಡದ ಹೊಟ್ಟಿಗೆ ಮರಕ್ಕೆಲ್ಲ ಸಿಂಪಡಿಸುವುದು ಪೂರ್ತಿ ದಂಡ, ಹುಳು ಕಟ್ಟಿಗೆಯ ಒಳಗೆ ಸುರಂಗದಲ್ಲಿದೆ. ಹಳೆಯ ಹೊಟ್ಟನ್ನು ಗುಡಿಸಿ ತೆಗೆದು ಮರುದಿನ ಬೆಳಿಗ್ಗೆ ನೋಡಿ. ಹೊಸ, ತೇವವಾದ ಹೊಟ್ಟು ಬಿದ್ದಿರುವ ತೂತಿನಲ್ಲಿ ಮಾತ್ರ ಹುಳು ಜೀವಂತವಾಗಿದೆ. ಅಲ್ಲಿಗೆ ತುದಿ ಬಾಗಿಸಿದ ತಂತಿಯನ್ನು ನಿಧಾನವಾಗಿ ತೂರಿಸಿ ತಿರುಗಿಸಿದರೆ ಹುಳು ಸಿಕ್ಕಿ ಹೊರಬರುತ್ತದೆ, ಅಥವಾ ಚುಚ್ಚಿ ಸಾಯುತ್ತದೆ. ತಂತಿ ಮುಟ್ಟದಷ್ಟು ಆಳಕ್ಕಿದ್ದರೆ ಆ ಮರಕ್ಕೆ ಶಿಫಾರಸಾದ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ತೂತಿಗೆ ತುಂಬಿ ಹಸಿ ಮಣ್ಣಿನಿಂದ ಮೆತ್ತಿ ಮುಚ್ಚಿ. ವಾರ ಬಿಟ್ಟು ಮಣ್ಣು ಒಡೆದು ಹೊಟ್ಟು ಮತ್ತೆ ಹೊರಬಿದ್ದಿದ್ದರೆ ಪಕ್ಕದಲ್ಲಿ ಇನ್ನೊಂದು ತೂತಿದೆಯೇ ಎಂದು ಹುಡುಕಿ.